ಮನೆಗೆ ಬರೆಯದ ಸುಖ

ಸಂಕ್ರಾಂತಿಯ ಕುಸರೆಳ್ಳು ಡಬ್ಬಿಯ ತಳ ಕಂಡು, ಬೆಳಗಿನ ಇಬ್ಬನಿ ಇನ್ನೂ ಧಾರವಾಡದ ಮಾಳಮಡ್ಡಿಯ ಹಂಚುಗಳನ್ನು ಬಿಟ್ಟು ಏಳದಿದ್ದ ಜನವರಿಯ ಕೊನೆಯ ವಾರದಲ್ಲಿ, ಜರ್ಮನಿಯ ಅಂಚೆಮುದ್ರೆಯನ್ನು ಹೊತ್ತ ದಪ್ಪನೆಯ ಲಕೋಟೆಯೊಂದು ನಮ್ಮ ಪತ್ರಿಕೆಯ ಕಾರ್ಯಾಲಯಕ್ಕೆ ಬಂದಿತು. ಕಳುಹಿಸಿದವಳು ನನ್ನ ಅಕ್ಕನ ಮಗಳು. ಸ್ಟುಟ್‌ಗಾರ್ಟ್ ನಗರದಲ್ಲಿ ಎಂಜಿನಿಯರಿಂಗಿನ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಹೋಗಿ ಒಂದು ವರ್ಷ ಮೀರಿತು. ಪ್ರತಿ ಭಾನುವಾರವೂ ಮೊಬೈಲಿನಲ್ಲಿ ತಂದೆತಾಯಿಗಳಿಗೆ ಮುಖ ತೋರಿಸಿ ಮಾತನಾಡುವ ಹುಡುಗಿ ಹದಿನಾಲ್ಕು ಪುಟಗಳನ್ನು ಕೈಬರಹದಲ್ಲಿ, ಅದೂ ಸೋದರಮಾವನ ಕಾರ್ಯಾಲಯದ ವಿಳಾಸಕ್ಕೆ ಬರೆದು ಕಳುಹಿಸಿದಳೆಂದರೆ ಯಾವುದೋ ವಿಪತ್ತು ಒದಗಿರಬೇಕೆಂದು ಶಂಕಿಸಿ, ನಿಂತಂತೆಯೇ ಲಕೋಟೆಯನ್ನು ಒಡೆದೆ. ವಿಪತ್ತೇನೂ ಇರಲಿಲ್ಲ. ಹದಿನಾಲ್ಕು ಪುಟಗಳ ತುಂಬ ಆಕೆ ಬರೆದಿದ್ದುದು ತನ್ನ ದಿನನಿತ್ಯದ ಸಣ್ಣ ಸಣ್ಣ ಸುಖಗಳನ್ನು, ಮತ್ತು ಚಳಿಗಾಲದ ರಜೆಯಲ್ಲಿ ಗೆಳತಿಯೊಡನೆ ಮಾಡಿದ ಸಂಚಾರವನ್ನು. ಕೊನೆಯ ಪುಟದ ಅಂಚಿನಲ್ಲಿ ಮಾತ್ರ, ಬೇರೆ ಶಾಯಿಯಲ್ಲಿ, ಆಮೇಲೆ ನೆನಪಾಗಿ ಸೇರಿಸಿದಂತೆ ಒಂದು ಸಾಲು: “ಮಾಮಾ, ಇದನ್ನೆಲ್ಲಾ ಅಪ್ಪಾಗ ಹೇಳಬ್ಯಾಡ್ರಿ.”

ಆ ಒಂದು ಸಾಲು ಎರಡು ದಿನ ನನ್ನನ್ನು ಬಿಡಲಿಲ್ಲ. ನಮ್ಮ ಭಾವ ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸಿ ನಿವೃತ್ತರಾದವರು. ಮಗಳ ಓದಿಗಾಗಿ ಊರ ಹೊರಗಿನ ನಿವೇಶನವನ್ನು ಬ್ಯಾಂಕಿಗೆ ಅಡವಿಟ್ಟವರು. ಜರ್ಮನಿಯಲ್ಲಿ ವಿದ್ಯಾಶುಲ್ಕವಿಲ್ಲವೆಂಬುದು ನಮ್ಮಲ್ಲಿ ರೂಢಿಯಾದ ಮಾತಾದರೂ, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ಸಂಸ್ಥಾನದಲ್ಲಿ ಯೂರೋಪಿನ ಒಕ್ಕೂಟಕ್ಕೆ ಸೇರದ ದೇಶಗಳಿಂದ ಬಂದ ವಿದ್ಯಾರ್ಥಿಗಳು 2017ರಿಂದ ಪ್ರತಿ ಸೆಮಿಸ್ಟರಿಗೆ 1,500 ಯೂರೋಗಳನ್ನು ತೆರಬೇಕು. ಇದಲ್ಲದೆ ವೀಸಾ ದೊರೆಯುವ ಮುನ್ನವೇ ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೋಗಳನ್ನು, ಎಂದರೆ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗಳಿಗೂ ಮೀರಿದ ಮೊತ್ತವನ್ನು, ತಿಂಗಳಿಗೆ 992 ಯೂರೋಗಳಿಗಿಂತ ಹೆಚ್ಚು ತೆಗೆಯಲಾಗದ ಖಾತೆಯೊಂದರಲ್ಲಿ ಇಟ್ಟು ತೋರಿಸಬೇಕು. ಇಷ್ಟು ಹಣವನ್ನು ತಂದೆ ಹೇಗೆ ಕೂಡಿಸಿದನೆಂದು ಬಲ್ಲ ಮಗಳಿಗೆ, ತಾನು ನಕ್ಕ ಗಳಿಗೆಯನ್ನು ಆತನ ಮುಂದೆ ಬಾಯಿಬಿಟ್ಟು ಹೇಳುವುದು ಅಪರಾಧವೆಂಬಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದಲೇ ಭಾನುವಾರದ ಮಾತುಗಳಲ್ಲಿ ಪರೀಕ್ಷೆಯುಂಟು, ಅಂಕಗಳುಂಟು, ಚಳಿಯುಂಟು, “ಊಟಾ ಬರೋಬರಿ ಆಗ್ತದವಾ?” ಎಂಬ ಪ್ರಶ್ನೆಯೂ ಅದಕ್ಕೆ ಸಿದ್ಧವಾದ ಉತ್ತರವೂ ಉಂಟು, ಸುಖದ ಸುದ್ದಿ ಮಾತ್ರ ಇಲ್ಲ.

ಆ ಸುಖವಾದರೂ ಎಂಥದು? ಡಿಸೆಂಬರಿನಲ್ಲಿ ಅಲ್ಲಿ ಸೂರ್ಯನು ಬೆಳಗಿನ ಎಂಟು ಗಂಟೆ ದಾಟಿದ ಮೇಲೆ ಮೂಡಿ ಸಾಯಂಕಾಲ ನಾಲ್ಕೂವರೆಯ ಸುಮಾರಿಗೆ ಮುಳುಗುತ್ತಾನೆ. ಕತ್ತಲಲ್ಲಿ ಮನೆಬಿಟ್ಟು ಕತ್ತಲಲ್ಲಿಯೇ ಮನೆಗೆ ಮರಳುವ ಆ ದಿನಗಳಲ್ಲಿ, ರೈಲು ನಿಲ್ದಾಣದ ಬೇಕರಿಯಲ್ಲಿ ಆಗತಾನೆ ಒಲೆಯಿಂದ ತೆಗೆದ ಬ್ರೆಟ್ಸೆಲ್ ಎಂಬ ರೊಟ್ಟಿಯೊಂದನ್ನು ಕಾಗದದ ಚೀಲದಲ್ಲಿ ಹಿಡಿದು ಅಂಗೈ ಬೆಚ್ಚಗೆ ಮಾಡಿಕೊಳ್ಳುವುದು ಆಕೆಯ ಮೊದಲ ಸುಖ. ಕ್ಷಾರದ ನೀರಿನಲ್ಲಿ ಅದ್ದಿ ಬೇಯಿಸಿದ್ದರಿಂದ ಹೊರಮೈ ಕಂದು ಬಣ್ಣ. ಹೆಣೆದ ತೋಳುಗಳು ತೆಳ್ಳಗೆ, ಗರಿಗರಿ. ಕೆಳಗಿನ ಹೊಟ್ಟೆ ದಪ್ಪ, ಮೆತ್ತಗೆ, ಅದರ ಮೇಲೊಂದು ಸೀಳು. ಈ ತಿನಿಸಿಗೆ ಆ ಸೀಮೆಯಲ್ಲೊಂದು ಕಥೆಯಿದೆ. ತಪ್ಪು ಮಾಡಿ ಸೆರೆಬಿದ್ದ ಉರಾಖ್ ಊರಿನ ಬೇಕರಿಯವನೊಬ್ಬನಿಗೆ, ಮೂರು ಕಡೆಯಿಂದ ಸೂರ್ಯ ಕಾಣಿಸುವ ರೊಟ್ಟಿಯನ್ನು ಮಾಡಿದರೆ ಪ್ರಾಣ ಉಳಿಸುವೆನೆಂದು ದೊರೆ ಮಾತುಕೊಟ್ಟನಂತೆ; ಅವನು ಹಿಟ್ಟನ್ನು ಹೊಸೆದು ಮೂರು ಕಂಡಿಗಳಾಗುವಂತೆ ಹೆಣೆದನಂತೆ. ಸೂರ್ಯನೇ ಅಪರೂಪವಾದ ತಿಂಗಳಲ್ಲಿ ಆ ಮೂರು ಕಂಡಿಗಳನ್ನು ಕಣ್ಣೆದುರಿಗೆ ಹಿಡಿದು ರೈಲಿನ ಕಿಟಕಿಯಾಚೆ ನೋಡುತ್ತಾಳಂತೆ ನಮ್ಮ ಹುಡುಗಿ. ಒಮ್ಮೆ ಮಾತ್ರ ಬಳಸುವ ಬಗೆಯ ಖಾಲಿ ಬಾಟಲಿಯೊಂದನ್ನು ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ 25 ಸೆಂಟ್ ಮರಳಿ ಬರುತ್ತದೆ. ಎಂಟು ಬಾಟಲಿಗಳಾದರೆ ಎರಡು ಯೂರೋ. ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಬೇಕೆನಿಸಿದ ದಿನ ಅದರ ಹಣ ಹೀಗೆ ಹುಟ್ಟುತ್ತದೆಂದು ಬರೆದು, ಪಕ್ಕದಲ್ಲಿ ಲೆಕ್ಕವನ್ನೂ ಹಾಕಿದ್ದಾಳೆ. ಗಣಿತದ ಮೇಷ್ಟರ ಮಗಳು.

ಪತ್ರದಲ್ಲಿ ನಾನು ಮತ್ತೆ ಮತ್ತೆ ತಿರುಗಿ ಓದಿದ್ದು ಮೆಟ್ಟಿಲು ಗುಡಿಸುವ ಪ್ರಸಂಗವನ್ನು. ಸ್ಟುಟ್‌ಗಾರ್ಟಿನ ಸುತ್ತಲಿನ ಶ್ವಾಬಿಯಾ ಸೀಮೆಯಲ್ಲಿ ‘ಕೇರ್‌ವೋಖೆ’, ಎಂದರೆ ಗುಡಿಸುವ ವಾರ, ಎಂಬ ಪದ್ಧತಿಯುಂಟು. ಒಂದು ಕಟ್ಟಡದಲ್ಲಿ ವಾಸಿಸುವ ಮನೆಗಳವರು ಸರದಿಯ ಮೇಲೆ ವಾರಕ್ಕೊಬ್ಬರಂತೆ ಮೆಟ್ಟಿಲುಗಳನ್ನೂ ಮುಂಬಾಗಿಲನ್ನೂ ಗುಡಿಸಿ ಒರೆಸಬೇಕು; ಯಾರ ಪಾಳಿಯೋ ಅವರ ಬಾಗಿಲಿಗೆ ಸಣ್ಣ ಹಲಗೆಯೊಂದು ಬಂದು ತೂಗುತ್ತದೆ. ಮೊದಲ ಸಲ ಹಲಗೆ ತನ್ನ ಬಾಗಿಲಿಗೆ ಬಂದಾಗ ಈಕೆ ಅದನ್ನು ದಂಡನೆಯ ನೋಟೀಸೆಂದೇ ತಿಳಿದಿದ್ದಳು. ಕೆಳಗಿನ ಮನೆಯ ವೃದ್ಧೆ ಬಂದು, ಬಾಯಿಂದ ಹೆಚ್ಚೇನೂ ಹೇಳದೆ, ಮೆಟ್ಟಿಲಿನ ಒಳಮೂಲೆಯನ್ನು ಬೆರಳಿಗೆ ಬಟ್ಟೆ ಸುತ್ತಿ ಹೇಗೆ ಒರೆಸಬೇಕೆಂದು ತೋರಿಸಿದಳಂತೆ; ನಮ್ಮ ಅಕ್ಕ ದೇವರ ಮನೆಯ ಹೊಸ್ತಿಲಿನ ಮೂಲೆಯನ್ನು ಒರೆಸುವುದು ಅದೇ ಬಗೆಯಲ್ಲಿ. ಅಂದಿನಿಂದ ಈಕೆ ಆ ಕೆಲಸವನ್ನು ಕಾದು ಮಾಡಿದಳು. ಕ್ರಿಸ್‌ಮಸ್ಸಿನ ಹಿಂದಿನ ವಾರ ಹಲಗೆಯೊಡನೆ ಬಾಗಿಲ ಬಳಿ ಒಂದು ತಟ್ಟೆಯೂ ಇತ್ತು. ತಟ್ಟೆಯಲ್ಲಿ ಶ್ಪ್ರಿಂಗರ್ಲೆ ಎಂಬ ಬಿಳಿಯ ಬಿಸ್ಕತ್ತುಗಳು: ಮೇಲೆ ಅಚ್ಚೊತ್ತಿದ ಕುದುರೆ, ಹೂಬುಟ್ಟಿ, ಪುಟ್ಟದೊಂದು ಮನೆ, ಮುರಿದರೆ ಬಡೇಸೋಪಿನಂಥ ಪರಿಮಳ. ವೃದ್ಧೆ ಆಕೆಯನ್ನು ಒಳಗೆ ಕರೆದು ಅಚ್ಚುಗಳನ್ನು ತೋರಿಸಿದಳು. ಪಿಯರ್ ಹಣ್ಣಿನ ಮರದಲ್ಲಿ ಕೊರೆದು ಮಾಡಿದವು, ಅಜ್ಜಿಯ ಕಾಲದವು. ಹಿಟ್ಟಿನ ಮೇಲೆ ಚಿತ್ರವನ್ನೊತ್ತಿ, ಅದು ಅಳಿಸದಿರಲೆಂದು ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ಬೇಯಿಸಬೇಕು. ಗೌರಿ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ತೇಗದ ಅಚ್ಚುಗಳ ಎರಡು ಹೋಳುಗಳನ್ನು ದಾರದಿಂದ ಬಿಗಿದು ಪಾಕ ಹೊಯ್ದು ಸಕ್ಕರೆ ಆರತಿಯ ಆನೆಗಳನ್ನೂ ತೇರುಗಳನ್ನೂ ತೆಗೆಯುತ್ತಿದ್ದುದನ್ನು ಈ ಹುಡುಗಿ ತನ್ನ ಅರೆಬರೆ ಜರ್ಮನ್ ಭಾಷೆಯಲ್ಲಿ ಆ ಮುದುಕಿಗೆ ವಿವರಿಸಿದಳು. ಮಾತು ಸಾಲದಾದಾಗ ಕಾಗದದ ಮೇಲೆ ಆನೆಯನ್ನು ಬರೆದು ತೋರಿಸಿದಳು. ಆ ಕಾಗದ ಈಗ ಮುದುಕಿಯ ಅಡುಗೆಮನೆಯ ಗೋಡೆಯ ಮೇಲಿದೆಯಂತೆ.

ಇನ್ನು ಸಂಚಾರದ ಮಾತು. 2023ರ ಮೇ ತಿಂಗಳಲ್ಲಿ ಅಲ್ಲಿಯ ಸರಕಾರ 49 ಯೂರೋಗಳಿಗೆ ಆರಂಭಿಸಿದ, 2025ರಲ್ಲಿ 58ಕ್ಕೇರಿದ ಮಾಸಿಕ ಟಿಕೆಟ್ ಒಂದುಂಟು. ಅತಿವೇಗದ ರೈಲುಗಳನ್ನು ಬಿಟ್ಟು, ಊರೂರಿಗೆ ನಿಲ್ಲುವ ಗಾಡಿಗಳಲ್ಲಿಯೂ ನಗರದ ಬಸ್ಸು ಟ್ರಾಮುಗಳಲ್ಲಿಯೂ ಅದೊಂದರಿಂದಲೇ ದೇಶವನ್ನೆಲ್ಲ ಸುತ್ತಬಹುದು. ನಿಧಾನದ ಗಾಡಿ ಬಡವರ ಪಾಲಿಗೆಂದು ಇಟ್ಟ ಕೊರತೆಯೆಂದು ನನಗನಿಸುವುದಿಲ್ಲ. ಊರನ್ನು ನೋಡಲೆಂದು ಹೊರಟವನು ಏರಬೇಕಾದ ಗಾಡಿಯೇ ಅದು. ಈಕೆಯೂ ಕೇರಳದ ಗೆಳತಿಯೊಬ್ಬಳೂ ಬುತ್ತಿ ಕಟ್ಟಿಕೊಂಡು, ರಾತ್ರಿಗೆ ಕೋಣೆಗೆ ಮರಳುವಷ್ಟು ದೂರದ ಊರುಗಳನ್ನೇ ಆರಿಸಿಕೊಂಡರು. ಮೊದಲು ಹೋದದ್ದು, ಕ್ರಿಸ್‌ಮಸ್ ಸಂತೆ ಮುಗಿಯುವ ಮುನ್ನ, ಕಾಲು ಗಂಟೆಯ ಹಾದಿಯ ಎಸ್ಲಿಂಗನ್ನಿಗೆ. ಮಧ್ಯಯುಗದ ವೇಷ ತೊಟ್ಟ ಕಮ್ಮಾರರು, ಬುಟ್ಟಿ ಹೆಣೆಯುವವರು, ಸಕ್ಕರೆಯಲ್ಲಿ ಹುರಿದ ಬಾದಾಮಿಯ ವಾಸನೆ, ದೀವಟಿಗೆಗಳು. ಇವೆಲ್ಲವನ್ನೂ ಹುಡುಗಿ ಉತ್ಸಾಹದಿಂದ ವರ್ಣಿಸಿದ್ದಾಳೆ. ಆ ಊರಿನಲ್ಲಿ 1881ರಲ್ಲಿ ಕಣ್ಣುಮುಚ್ಚಿದ ಹೆರ್ಮನ್ ಮೋಗ್ಲಿಂಗನೇ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಪತ್ರಿಕೆಯೆಂಬುದನ್ನು ಕೊಟ್ಟವನು. ಪತ್ರಿಕೆಯೊಂದರ ಸಂಪಾದಕನಾದ ನಾನು ಆ ಊರನ್ನು ಒಮ್ಮೆಯೂ ನೋಡಿಲ್ಲ. ಬಾದಾಮಿ ತಿನ್ನುತ್ತ ಆಕೆ ಅಲ್ಲಿ ನಿಂತಿದ್ದಳೆಂದು ಓದಿ ನನ್ನ ಮನಸ್ಸು ಆರ್ದ್ರವಾಯಿತು.

ಡಿಸೆಂಬರ್ 27ರಂದು ಯೋಹಾನ್ನೆಸ್ ಕೆಪ್ಲರನ ಜನ್ಮದಿನ. 1571ರಲ್ಲಿ ಅವನು ಹುಟ್ಟಿದ ವೈಲ್ ಡೆರ್ ಸ್ಟಾಟ್ ಎಂಬ ಪುಟ್ಟ ಊರಿಗೆ ಅಂದೇ ಹೋಗಿ, ಅಂಗಡಿಗಳೆಲ್ಲ ಬೇಗ ಮುಚ್ಚಿದ ಚೌಕದಲ್ಲಿ ಅವನ ಪ್ರತಿಮೆಗೆ ಕೈಮುಗಿದು, ಅಲ್ಲಿಂದ ಬಸ್ಸು ಹಿಡಿದು ನಾಗೋಲ್ಡ್ ನದಿಯ ಕಣಿವೆಯ ಕಾಲ್ವ್ ಊರನ್ನು ಸೇರಿದರು. ಹೆರ್ಮನ್ ಹೆಸ್ಸೆ 1877ರಲ್ಲಿ ಹುಟ್ಟಿದ ಊರು ಅದು. ಸೇತುವೆಯ ಮೇಲೆ ಅವನ ಕಂಚಿನ ಪ್ರತಿಮೆಯಿದೆ. ಅವನ ತಾಯಿ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಮಲಯಾಳದ ನಿಘಂಟುಕಾರ ಗುಂಡರ್ಟ್. ಕೇರಳದ ಗೆಳತಿ ಸೇತುವೆಯ ಮೇಲೆ ನಿಂತು “ಇದು ನಮ್ಮ ಊರು” ಎಂದಳಂತೆ. ಹಾಗಾದರೆ ನಮ್ಮ ಊರು ಯಾವುದೆಂಬ ಪ್ರಶ್ನೆ ಎದ್ದಿತು, ವರ್ಷದ ಮೊದಲ ವಾರದ ಸಂಚಾರ ಅದರಿಂದಲೇ ನಿಶ್ಚಯವಾಯಿತು: ಟ್ಯೂಬಿಂಗನ್.

ಧಾರವಾಡದವರಿಗೆ ಕಿಟೆಲ್ ಎಂಬುದು ಕಾಲೇಜಿನ ಹೆಸರು. ದಿನಾಲೂ ಅದರ ಮುಂದೆ ಹಾದುಹೋಗುತ್ತಿದ್ದ ಈ ಹುಡುಗಿಗೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬ ಅರಿವು ನಿಜವಾಗಿ ಮೂಡಿದ್ದು ನೆಕ್ಕಾರ್ ನದಿಯ ಸೇತುವೆಯ ಮೇಲೆ. 1853ರಲ್ಲಿ ಬಾಸೆಲ್ ಮಿಷನ್ನಿನ ತರುಣನಾಗಿ ನಮ್ಮ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲ್, 1892ರಲ್ಲಿ ಕೊನೆಯದಾಗಿ ಮರಳಿ ನೆಲಸಿದ್ದು ಟ್ಯೂಬಿಂಗನ್ನಿನಲ್ಲಿ. 1894ರಲ್ಲಿ ಆತನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಾಗ ಆತ ಇಲ್ಲಿರಲಿಲ್ಲ. 1896ರಲ್ಲಿ ಆ ಊರಿನ ವಿಶ್ವವಿದ್ಯಾಲಯ ಆತನಿಗೆ ಡಾಕ್ಟರೇಟ್ ಪದವಿಯನ್ನಿತ್ತಿತು; 1903ರ ಡಿಸೆಂಬರಿನಲ್ಲಿ, ಇಂಥದೇ ಒಂದು ಚಳಿಗಾಲದಲ್ಲಿ, ಅಲ್ಲಿಯೇ ತೀರಿಕೊಂಡನು. ಸೇತುವೆಯಿಂದ ಕಾಣುವ ಹಳದಿ ಗೋಪುರದಲ್ಲಿ ಬುದ್ಧಿಭ್ರಮಣೆಗೊಳಗಾದ ಕವಿ ಹೋಲ್ಡರ್ಲಿನ್ 36 ವರ್ಷ ಬಾಳಿ 1843ರ ಜೂನಿನಲ್ಲಿ ಮೃತನಾದನು. ಅದರ ಮರುತಿಂಗಳೇ, ಅದೇ ಊರಿನಲ್ಲಿ ಓದಿ ಹೋಗಿದ್ದ ಮೋಗ್ಲಿಂಗ್ ಮಂಗಳೂರಿನಲ್ಲಿ ಪತ್ರಿಕೆಯನ್ನು ಹೊರಡಿಸಿದನು. ಈಕೆ ಆ ಸೇತುವೆಯ ಮೇಲೆ ಕೈಗವಸು ಬಿಚ್ಚಿ, ಜೋಮುಹಿಡಿದ ಬೆರಳುಗಳಿಂದ ಮೊಬೈಲಿನಲ್ಲಿ ಕಿಟೆಲ್ ನಿಘಂಟನ್ನು ತೆರೆದು, ‘ಚಳಿ’ ಎಂಬ ಶಬ್ದವನ್ನು ಹುಡುಕಿ, ಅದನ್ನು ಗೆಳತಿಗೆ ಗಟ್ಟಿಯಾಗಿ ಓದಿ ಹೇಳಿದಳಂತೆ. ದಾರಿಹೋಕರು ತಿರುಗಿ ನೋಡಿದರಂತೆ. ಅಲ್ಲಿಂದ ಮುಂದೆ ಒಂದು ವಾಕ್ಯವನ್ನು ಬರೆದು ಹೊಡೆದುಹಾಕಿದ್ದಾಳೆ. ಅದನ್ನು ಓದಲು ನಾನು ಯತ್ನಿಸಲಿಲ್ಲ.

ವಿದ್ಯೆಯನ್ನೂ ಸುಖವನ್ನೂ ಎದುರುಬದುರಾಗಿ ನಿಲ್ಲಿಸಿ, ಒಂದನ್ನು ಬಯಸುವವನು ಇನ್ನೊಂದನ್ನು ತ್ಯಜಿಸತಕ್ಕದ್ದೆಂದು ಸಾರುವ ಸುಭಾಷಿತವನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಠಪಾಠ ಮಾಡಿದವರು. ಆಲಸ್ಯವನ್ನು ಕುರಿತು ಹೇಳಿದ ಆ ಮಾತನ್ನು ನಾವು ಸಂತೋಷಕ್ಕೂ ಅನ್ವಯಿಸಿಕೊಂಡೆವೆಂಬುದು ನನ್ನ ದೂರು. ಪರನಾಡಿಗೆ ಹೋದ ಎಳೆಯರು ಕಷ್ಟವನ್ನೇ ಮನೆಗೆ ತಿಳಿಸಬೇಕು, ಸುಖವನ್ನು ಬಚ್ಚಿಡಬೇಕು ಎಂಬ ಮೌನ ನಿಯಮವೊಂದು ನಮ್ಮ ಮನೆಗಳಲ್ಲಿ ಬೇರೂರಿದೆ. ಸಾಲದ ಭಾರದಿಂದ ಹುಟ್ಟಿದ ಆ ನಿಯಮವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಿಟೆಲ್‌ನ ನಿಘಂಟಿನಲ್ಲಿರುವ ಸುಮಾರು 70,000 ಶಬ್ದಗಳಲ್ಲಿ ಅಡುಗೆಮನೆಯವೂ ಹಿತ್ತಲಿನವೂ ಸಂತೆಯವೂ ಎಷ್ಟಿವೆ, ಗಾದೆಗಳು ಎಷ್ಟಿವೆ ಎಂಬುದನ್ನು ನೋಡಿದವರು, ಆ ತರುಣ ನಮ್ಮ ನಾಡಿನಲ್ಲಿ ಬರಿಯ ಕಷ್ಟವನ್ನುಂಡು ಬದುಕಿದವನೆಂದು ನಂಬಲಾರರು. ಒಂದು ಊರಿನ ರೊಟ್ಟಿ ರುಚಿಸದವನಿಗೆ ಆ ಊರಿನ ಮಾತು ಹತ್ತುವುದಿಲ್ಲ. ನಮ್ಮ ಹುಡುಗಿಯ ಜರ್ಮನ್ ಭಾಷೆ ತರಗತಿಯಲ್ಲಿ ಕಲಿತದ್ದಕ್ಕಿಂತ ಆ ಮುದುಕಿಯ ಅಡುಗೆಮನೆಯಲ್ಲಿ ಹೆಚ್ಚು ಬೆಳೆಯಿತೆಂಬುದು ಆಕೆಯ ಪತ್ರದಿಂದಲೇ ಸ್ಪಷ್ಟ. ಹಿಂದೆ ಕವಿ ವಿನಾಯಕರು ಆಕ್ಸ್‌ಫರ್ಡಿಗೆ ಓದಲು ಹೋಗಿ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಗ್ರಂಥವನ್ನು ಕನ್ನಡಕ್ಕೆ ತಂದರು. ಇಂದು ಆ ಕಾಲಕ್ಕಿಂತ ಎಷ್ಟೋ ಪಾಲು ಹೆಚ್ಚು ಸಂಖ್ಯೆಯಲ್ಲಿ ಕನ್ನಡದ ಮಕ್ಕಳು ಸಮುದ್ರದಾಚೆಗೆ ಹೋಗಿದ್ದಾರೆ, ಆದರೆ ಅವರು ಕಂಡುಂಡ ಸುಖ ಮೊಬೈಲಿನ ಚಿತ್ರಗಳಾಗಿ ಗೆಳೆಯರ ನಡುವೆ ಸುಳಿದು ಮಾಯವಾಗುತ್ತಿದೆ.

ಅದರಿಂದ ಈ ಸಂಚಿಕೆಯಿಂದ ಮೊದಲುಗೊಂಡು ಹೊರನಾಡುಗಳಲ್ಲಿ ವ್ಯಾಸಂಗ ಮಾಡುತ್ತಿರುವ ತರುಣ ತರುಣಿಯರ ಪತ್ರಗಳಿಗೆ ನಾಲ್ಕು ಪುಟಗಳನ್ನು ಮೀಸಲಿಡಲು ನಿಶ್ಚಯಿಸಿದ್ದೇವೆ. ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ನಮಗೆ ಬೇಡ. ಯಾವ ಬೀದಿಯಲ್ಲಿ ಯಾವ ವಾಸನೆ ನಿಮ್ಮನ್ನು ನಿಲ್ಲಿಸಿತು, ಯಾರು ನಿಮಗೆ ಏನನ್ನು ಕೈಯಾರೆ ಕಲಿಸಿದರು, ರಜೆಯ ದಿನ ಯಾವ ಗಾಡಿಯ ಕಿಟಕಿಯಿಂದ ಏನನ್ನು ಕಂಡಿರಿ, ಅದನ್ನು ಬರೆಯಿರಿ. ಹೆಸರು ಬೇಡವೆಂದರೆ ಹೆಸರನ್ನು ಬಿಡುತ್ತೇವೆ.

ಮೊದಲ ಪತ್ರವಾಗಿ ಇದನ್ನೇ ಅಚ್ಚುಹಾಕಲು ಹುಡುಗಿಯ ಅನುಮತಿಯನ್ನು ಬೇಡಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ, “ಹಂಗಾರ ಮೊದಲ ಅಪ್ಪಾಗ ನೀವ ಓದಿ ಹೇಳ್ರಿ” ಎಂದು ಬಂದಿತು. ಅಂದು ಸಾಯಂಕಾಲ ಅಕ್ಕನ ಮನೆಯ ಪಡಸಾಲೆಯಲ್ಲಿ ಹದಿನಾಲ್ಕು ಪುಟಗಳನ್ನೂ ಓದಿದೆ. ಭಾವ ನಡುವೆ ಒಂದು ಮಾತನ್ನೂ ಆಡಲಿಲ್ಲ. ಬಾಟಲಿಗಳ ಲೆಕ್ಕ ಬಂದಾಗ ಮಾತ್ರ ತುಟಿಯಲ್ಲಿಯೇ ಗುಣಿಸಿ ನೋಡಿ ತಲೆಯಾಡಿಸಿದರು. ಅಚ್ಚುಗಳ ಭಾಗವನ್ನು ಇನ್ನೊಮ್ಮೆ ಓದಿಸಿದರು. ಓದಿ ಮುಗಿದ ಮೇಲೆ ಎದ್ದು, ಏಣಿ ಹಾಕಿಕೊಂಡು ಅಟ್ಟವನ್ನೇರಿ, ಧೂಳು ಮುಸುಕಿದ ಗಂಟೊಂದನ್ನು ಇಳಿಸಿಕೊಂಡು ಬಂದರು. ಗಂಟಿನಲ್ಲಿ ತೇಗದ ಎರಡು ಹೋಳು, ಆನೆಯ ಅಚ್ಚು. ಧೋತರದ ಅಂಚಿನಿಂದ ಆನೆಯ ಸೊಂಡಿಲಿನ ಸಂದಿಯಲ್ಲಿ ಉಳಿದಿದ್ದ ಹಳೆಯ ಪಾಕದ ಕರೆಯನ್ನು ಒರೆಸುತ್ತ, ಕಣ್ಣೆತ್ತದೆ, “ಇದನ್ನ ಪಾರ್ಸಲ್ ಮಾಡಿದ್ರ ಎಷ್ಟು ದಿನಕ್ಕ ಮುಟ್ಟತದ?” ಎಂದು ಕೇಳಿದರು.