ಅಜ್ಜನ ಕೋವಿಗೆ ಗುಜರಿ ತಕ್ಕಡಿಯೇ ಗತಿಯೇ?

ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕದ ಮಿನೆಸೋಟಾ ರಾಜ್ಯಕ್ಕೆ ಹೋಗಿದ್ದಾಗ, ಅಳಿಯ ಒಂದು ಶನಿವಾರ ನನ್ನನ್ನು ಕಬೇಲಾಸ್ ಎಂಬ ಮಳಿಗೆಗೆ ಕರೆದೊಯ್ದರು. ಮೀನಿನ ಗಾಳ, ದೋಣಿ, ಡೇರೆ, ಚಳಿಗಾಲದ ಬೂಟುಗಳನ್ನು ಮಾರುವ, ಹಲವು ರಾಜ್ಯಗಳಲ್ಲಿ ಶಾಖೆಗಳಿರುವ ದೊಡ್ಡ ವ್ಯಾಪಾರ ಸರಣಿ ಅದು. ಮಳಿಗೆಯ ಒಂದು ಮೂಲೆಯಲ್ಲಿ ‘ಗನ್ ಲೈಬ್ರರಿ’ ಎಂಬ ಫಲಕವಿದ್ದ ಪ್ರತ್ಯೇಕ ಕೋಣೆ. ಗ್ರಂಥಾಲಯವೆಂದರೆ ಪುಸ್ತಕವಿರಬೇಕೆಂದು ಒಳಹೊಕ್ಕ ನನಗೆ ಕಂಡದ್ದು ಸಾಲುಸಾಲು ಹಳೆಯ ರೈಫಲುಗಳು. ಪ್ರತಿಯೊಂದಕ್ಕೂ ಒಂದು ಚೀಟಿ. ತಯಾರಕರ ಹೆಸರು, ಕಾಲ, ಈಗಿನ ಸ್ಥಿತಿ, ಬೆಲೆ. ನಮ್ಮೂರಿನ ಸಂತೆಯಲ್ಲಿ ಕತ್ತಿ ಕುಡುಗೋಲು ನೋಡುವಷ್ಟೇ ನಿರಾಳವಾಗಿ ಜನ ಅವನ್ನು ಎತ್ತಿ ನೋಡುತ್ತಿದ್ದರು.

ಅಲ್ಲಿನ 1968ರ ಬಂದೂಕು ನಿಯಂತ್ರಣ ಕಾನೂನಿನ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ ವಸ್ತು. ಒಕ್ಕೂಟ ಸರ್ಕಾರದ ಕಾನೂನಿನ ಕಣ್ಣಿಗೆ ಅದು ಬಂದೂಕೇ ಅಲ್ಲ. ಆ ಸಾಲಿನ ತುದಿಯಲ್ಲಿ ಒಂದು ಕೇಪಿನ ಕೋವಿ ಇತ್ತು. ಉದ್ದನೆಯ ನಳಿಗೆ, ಕೈಯುಜ್ಜಿ ಕಪ್ಪಾದ ಮರದ ಹಿಡಿ. ಕೊಪ್ಪ ತಾಲ್ಲೂಕಿನ ನಮ್ಮ ಮನೆಯ ಜಗಲಿಯ ಗೋಡೆಗೂಟದಲ್ಲಿ ನನ್ನ ಬಾಲ್ಯದುದ್ದಕ್ಕೂ ತೂಗಾಡುತ್ತಿದ್ದ ಅಜ್ಜನ ಕೋವಿಯೇ ಎದ್ದು ಬಂದಂತಿತ್ತು. ಚೀಟಿಯಲ್ಲಿದ್ದ ಡಾಲರುಗಳನ್ನು ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿ ಸುಮ್ಮನೆ ಹೊರಬಂದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಚಟ ಸಾಯುವವರೆಗೂ ಬಿಡುವುದಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಕೋವಿ ಎಂಬುದು ಪ್ರತಿಷ್ಠೆಯ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ಬೇಸಾಯದ ಸಲಕರಣೆಯಾಗಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜವೆಂಬ ಸಲಾಕೆಯಿಂದ ಜಡಿದು, ಚರೆ ಹಾಕಿ ಮತ್ತೆ ಜಡಿದು, ಕೊನೆಗೆ ಕೇಪು ಕೂರಿಸಿ ಕುದುರೆ ಎಳೆದರೆ ಒಂದು ಈಡು. ಎರಡನೆಯ ಈಡಿಗೆ ಸಿದ್ಧವಾಗುವ ಹೊತ್ತಿಗೆ ಹಂದಿಗಳು ಗದ್ದೆ ದಾಟಿ ಹಳುವಿನೊಳಗೆ ಸೇರಿರುತ್ತಿದ್ದವು. ಕೊಲ್ಲುವುದಕ್ಕಿಂತ ಸದ್ದು ಮಾಡುವುದರಲ್ಲೇ ಅದರ ಉಪಯೋಗ ಹೆಚ್ಚು. ಆಯುಧಪೂಜೆಯ ದಿನ ಅದನ್ನು ನೇಗಿಲು, ಅಡಿಕೆ ಸುಲಿಯುವ ಕತ್ತಿಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಕೋವಿಯಿಲ್ಲದ ಮಲೆನಾಡಿನ ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಈ ವಾಸ್ತವವನ್ನು ನಮ್ಮ ಕಾನೂನು ಅರಿಯದೆ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಕೇಪಿನ ಕೋವಿಯ ಪರವಾನಗಿಯನ್ನು ಹೆಸರಿಸಿಯೇ ಹೇಳುತ್ತದೆ. ಅದೇ ಕಾಯ್ದೆಯ 45ನೇ ಕಲಮಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ, ಅದಕ್ಕೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ, 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವಾಲಯವು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ತಿದ್ದುಪಡಿ ತಂದು, ‘ಕ್ಯೂರಿಯೊ’ ವರ್ಗಕ್ಕೆ ಸೇರುವ ಹಳೆಯ ಸಣ್ಣ ಆಯುಧಗಳನ್ನು ಪಡೆಯಲು ಮತ್ತು ಇಟ್ಟುಕೊಳ್ಳಲು ಭಾರತೀಯ ಪ್ರಜೆಗೆ ಪರವಾನಗಿ ಬೇಕಿಲ್ಲವೆಂದಿತು. ಬಳಸಲು, ಹೊತ್ತು ತಿರುಗಲು, ಸಾಗಿಸಲು ಮಾತ್ರ ಪರವಾನಗಿ ಬೇಕು. ಪರವಾನಗಿಯಲ್ಲಿ ನಮೂದಾಗದ ಹೊರತು ಅದಕ್ಕೆ ಮದ್ದುಗುಂಡು ಮಾರುವಂತಿಲ್ಲ.

ನನ್ನ ದೃಷ್ಟಿಯಲ್ಲಿ ಇದು ವಿವೇಕದ ನಿಯಮ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಕೋವಿ ಇಟ್ಟುಕೊಂಡಿರುವ ಪರಿಚಿತರಲ್ಲಿ ಹತ್ತು ಹನ್ನೆರಡು ಮಂದಿಯನ್ನು ವಿಚಾರಿಸಿದಾಗ, ಇಂಥದೊಂದು ನಿಯಮವಿದೆಯೆಂದು ಕೇಳಿದವರು ಒಬ್ಬರೂ ಇರಲಿಲ್ಲ. ನಿವೃತ್ತ ಸಹೋದ್ಯೋಗಿಗಳಿಬ್ಬರನ್ನು ಕೇಳಿದೆ. ಅವರಿಗೂ ಹೊಸ ಸುದ್ದಿ. ನಿಯಮ ರಾಜಪತ್ರದಲ್ಲಿದೆ, ಕೋವಿ ಗೋಡೆಯಲ್ಲಿದೆ, ಇವೆರಡರ ನಡುವೆ ಯಾರೂ ನಡೆದಾಡಿಲ್ಲ. ಕೊಪ್ಪದ ಒಬ್ಬ ರೈತ ತನ್ನ ಕೋವಿ ಕ್ಯೂರಿಯೊ ಹೌದೋ ಅಲ್ಲವೋ ಎಂದು ಯಾರ ಬಳಿ ಹೋಗಿ ಕೇಳಬೇಕು? ತಪ್ಪು ತಿಳಿದು ಇಟ್ಟುಕೊಂಡರೆ ಅಕ್ರಮ ಶಸ್ತ್ರಾಸ್ತ್ರದ ಮೊಕದ್ದಮೆ. ಆ ಭಯಕ್ಕಿಂತ ಠಾಣೆಗೆ ಒಪ್ಪಿಸಿ ಕೈತೊಳೆದುಕೊಳ್ಳುವುದೇ ಲೇಸೆಂದು ಯಾರಿಗಾದರೂ ಅನಿಸುತ್ತದೆ.

ಠಾಣೆಗೆ ಒಪ್ಪಿಸಿದ ಕೋವಿಯ ಗತಿ ಏನೆಂಬುದನ್ನು ನಾನು ಮೇಜಿನ ಎರಡೂ ಬದಿಯಲ್ಲಿ ಕುಳಿತು ಕಂಡಿದ್ದೇನೆ. 1990ರ ದಶಕದ ಆರಂಭದಲ್ಲಿ, ಹೆಸರು ಹೇಳಬೇಕಿಲ್ಲದ ಒಂದು ಜಿಲ್ಲೆಯಲ್ಲಿ, ಮುಟ್ಟುಗೋಲಾದ ಆಯುಧಗಳ ವಿಲೇವಾರಿ ಕಡತ ನನ್ನ ಮೇಜಿಗೆ ಬಂದಿತ್ತು. ಪರಿಶೀಲನೆಗೆಂದು ಉಗ್ರಾಣಕ್ಕೆ ಹೋದೆ. ಸೌದೆಯ ಹೊರೆಯಂತೆ ಹಗ್ಗದಿಂದ ಬಿಗಿದ ಕೋವಿಗಳು. ಗೆದ್ದಲು ತಿಂದ ಹಿಡಿಗಳು. ಅಕ್ಷರ ಅಳಿಸಿದ ರಟ್ಟಿನ ಚೀಟಿಗಳು. ಒಂದರ ನಳಿಗೆಯ ಮೇಲೆ ಬೆಳ್ಳಿಯ ತಂತಿಯ ಬಳ್ಳಿ ಕೆತ್ತನೆ ಇದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದು ಎಲ್ಲಿಯದು, ಯಾರು ಮಾಡಿದ್ದು ಎಂದು ಕೇಳಬೇಕೆಂದು ನನಗಾಗ ತೋಚಲಿಲ್ಲ. ಕೇಳಿದ್ದರೆ ಕಡತ ಇನ್ನೊಂದು ತಿಂಗಳು ಬಾಕಿ ಉಳಿಯುತ್ತಿತ್ತು, ಬಾಕಿ ಪಟ್ಟಿ ಮೇಲಧಿಕಾರಿಗಳಿಗೆ ಹೋಗುತ್ತಿತ್ತು. ನಾಶಪಡಿಸಬಹುದೆಂಬ ಟಿಪ್ಪಣಿಗೆ ಸಹಿ ಹಾಕಿದೆ. ಕತ್ತರಿಸಿದ ಕಬ್ಬಿಣ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು.

1998ರಲ್ಲಿ ನಮ್ಮ ತಂದೆ ತೀರಿಕೊಂಡರು. ಮನೆಯಲ್ಲಿ ಅವರ ಹೆಸರಿಗೆ ಎರಡು ಪರವಾನಗಿಗಳಿದ್ದವು: ಅಜ್ಜನ ಕೇಪಿನ ಕೋವಿ, ಮತ್ತು ತಂದೆಯವರು ಅಡಿಕೆಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ ಕೊಂಡ, ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಜೋಡುನಳಿಗೆಯ ತೋಟಾ ಕೋವಿ. ನಾನು ದೂರದ ಜಿಲ್ಲೆಯಲ್ಲಿದ್ದೆ. ಕಾನೂನಿನಂತೆ ತಮ್ಮ ಎರಡನ್ನೂ ಠಾಣೆಗೆ ಒಪ್ಪಿಸಿ ರಸೀತಿ ಪಡೆದ. ವಾರಸುದಾರನಾಗಿ ನನ್ನ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಬೇಕಿತ್ತು. ಇಲ್ಲವೇ ಪರವಾನಗಿಯುಳ್ಳ ಇನ್ನೊಬ್ಬರಿಗೆ ಮಾರಬೇಕಿತ್ತು. ಇಂಥ ಅರ್ಜಿಗಳನ್ನು ನೂರಾರು ಸಂಖ್ಯೆಯಲ್ಲಿ ನೋಡಿದ್ದವನು ನಾನು. ‘ಮುಂದಿನ ರಜೆಯಲ್ಲಿ ನೋಡೋಣ’ ಎನ್ನುತ್ತ ವರ್ಷಗಳು ಉರುಳಿದವು. ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಯ ಆದೇಶದಿಂದ ಕೋವಿ ಸರ್ಕಾರದ ಸ್ವತ್ತಾಗಬಹುದೆಂಬ 21ನೇ ಕಲಮು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊನೆಗೊಮ್ಮೆ ರಸೀತಿ ಹಿಡಿದು ಹೋದಾಗ, ಹಳೆಯ ವಹಿಗಳು ಸಿಗುತ್ತಿಲ್ಲವೆಂದು ಅಲ್ಲಿದ್ದ ಯುವ ಅಧಿಕಾರಿ ಬಹಳ ಮರ್ಯಾದೆಯಿಂದಲೇ ಹೇಳಿ ಚಹಾ ತರಿಸಿಕೊಟ್ಟರು. ತಪ್ಪು ನನ್ನದು. ಆದರೆ ನನಗೇ ಹೀಗಾದರೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿರುವ, ಕಲಮುಗಳ ಗಂಧವಿಲ್ಲದ ಮನೆಗಳ ಪಾಡೇನು?

ಇಲ್ಲಿ ಸ್ವಲ್ಪ ಅರ್ಥಶಾಸ್ತ್ರವನ್ನು ಓದುಗರು ಸಹಿಸಿಕೊಳ್ಳಬೇಕು. ವಸ್ತುವಿನ ಬೆಲೆ ಅದರ ಕಬ್ಬಿಣದಲ್ಲೂ ಮರದಲ್ಲೂ ಇರುವುದಿಲ್ಲ. ಅದನ್ನು ಕೊಡು-ಕೊಳ್ಳುವ ಹಕ್ಕಿನಲ್ಲಿರುತ್ತದೆ. 1980ರ ದಶಕದ ಮಧ್ಯಭಾಗದಲ್ಲಿ ಸಾಮಾನ್ಯರಿಗೆ ವಿದೇಶಿ ಕೋವಿಗಳ ಆಮದಿನ ಬಾಗಿಲು ಮುಚ್ಚಿದ ಮೇಲೆ, ದೇಶದೊಳಗೆ ಉಳಿದಿದ್ದ ಹಳೆಯ ಇಂಗ್ಲಿಷ್ ಕೋವಿಗಳ ಬೆಲೆ ಗಗನಕ್ಕೇರಿತು. ಆದರೆ ಆ ಬೆಲೆ ಸಿಗುವುದು ಪರವಾನಗಿ ಜೀವಂತವಿರುವ ತನಕ. ಮಾಲೀಕ ಸತ್ತು ವಾರಸುದಾರ ಸುಮ್ಮನಿದ್ದರೆ ಲಕ್ಷದ ವಸ್ತು ಶೂನ್ಯಕ್ಕಿಳಿಯುತ್ತದೆ. ಅತ್ತ ನೋಡಿದರೆ, ನಮ್ಮದೇ ಇಶಾಪುರದ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ ಸೇನಾ ರೈಫಲುಗಳು ಹಳತಾದ ಮೇಲೆ ಅಮೆರಿಕದ ಮಾರುಕಟ್ಟೆ ಸೇರಿ ಅಲ್ಲಿನ ಹವ್ಯಾಸಿಗಳ ಸಂಗ್ರಹದಲ್ಲಿವೆ! ಅಂಥ ಸೇನಾ ಮಾದರಿಯನ್ನು ಇಲ್ಲಿಯವರು ಮುಟ್ಟುವಂತಿಲ್ಲ.

ಹಾಗೆಂದು ಆ ಮಳಿಗೆಯನ್ನು ಕೊಪ್ಪದ ಬಸ್ ನಿಲ್ದಾಣದ ಪಕ್ಕಕ್ಕೆ ತನ್ನಿರೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 2021ರ ಒಂದೇ ವರ್ಷದಲ್ಲಿ ಬಂದೂಕಿಗೆ ಬಲಿಯಾದವರು 48,000ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡವರು. ಪುರಾತನ ರೈಫಲುಗಳ ಕೋಣೆ ದಾಟಿದರೆ ಅದೇ ಮಳಿಗೆಯಲ್ಲಿ ಹೊಸ ಬಂದೂಕುಗಳ ಸಾಲೂ ಇತ್ತೆಂಬುದನ್ನು ಮರೆಯಲಾರೆ. ನಮ್ಮಲ್ಲೂ ಶಿಕಾರಿಯ ನೆಪದಲ್ಲಿ ಜೊತೆಗಾರನಿಗೇ ಈಡು ಬಿದ್ದ ಸುದ್ದಿಗಳು ಅಪರೂಪವಲ್ಲ. ಮಲೆನಾಡಿನ ಬಂದೂಕಿನ ಬಗ್ಗೆ ಸರ್ಕಾರಕ್ಕೆ ಅನುಮಾನ ಹುಟ್ಟಲು ಕಾರಣಗಳೂ ಇದ್ದವು. 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ನಂತರದ ವರ್ಷಗಳಲ್ಲಿ ಈ ಭಾಗದ ಜನ ಎರಡೂ ಕಡೆಯ ಬಂದೂಕಿನ ನೆರಳಿನಲ್ಲಿ ಬದುಕಿದರು. 2025ರ ಜನವರಿಯಲ್ಲಿ ಆರು ಮಂದಿ ಶರಣಾದ ಬಳಿಕ ಅದೇ ತಾಲ್ಲೂಕಿನ ಕಾಡಿನಲ್ಲಿ ಬಚ್ಚಿಟ್ಟಿದ್ದ ರೈಫಲುಗಳು ಪತ್ತೆಯಾದಾಗ ಆ ಅಧ್ಯಾಯ ಮುಗಿಯಿತೆಂದು ಹಲವರು ನಿಟ್ಟುಸಿರುಬಿಟ್ಟರು.

ಅನುಮಾನಕ್ಕೆ ಕಾರಣ ತೀರಿದರೂ ಅಭ್ಯಾಸ ತೀರಿಲ್ಲ. ಚುನಾವಣೆ ಘೋಷಣೆಯಾಯಿತೆಂದರೆ ಕೋವಿಗಳನ್ನು ಠಾಣೆಗೆ ಹೊರಬೇಕು. ಯಾರ ಕೋವಿ ಪಡೆಯಬೇಕೆಂಬುದನ್ನು ಪರಿಶೀಲನಾ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆಯ ಆಶಯ. ನಡೆಯುವುದು ಬಹುಮಟ್ಟಿಗೆ ಸಾಮೂಹಿಕ ಜಮೆ. ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ ರೈತರೂ ಇದ್ದಾರೆ. ಇನ್ನು, ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕೆನ್ನುತ್ತದೆ 1972ರ ವನ್ಯಜೀವಿ ಕಾಯ್ದೆ. ರಾಷ್ಟ್ರೀಯ ಉದ್ಯಾನಗಳಿಗೂ ಈ ಮಾತು ಅನ್ವಯಿಸುತ್ತದೆ. ಒಂದು ಪಕ್ಕ ಭದ್ರಾ, ಇನ್ನೊಂದು ಪಕ್ಕ ಕುದುರೆಮುಖ ಇರುವ ಈ ಸೀಮೆಯಲ್ಲಿ ಅನೇಕರ ಪಾಲಿಗೆ ಒಮ್ಮೆ ಕೈಬಿಟ್ಟ ಪರವಾನಗಿ ಮತ್ತೆ ಸಿಗುವುದು ಸುಲಭವಲ್ಲ. ವನ್ಯಜೀವಿಗಳ ದೃಷ್ಟಿಯಿಂದ ಅದು ಸರಿಯೇ. ಸಿಡಿಯುವ ಕೋವಿ ಕಡಿಮೆಯಾಗಲಿ. ಸಿಡಿಯದ ಕೋವಿಯನ್ನೂ ಅದರ ಜೊತೆಗೇ ಗುಜರಿಗೆ ತಳ್ಳಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಜಿಲ್ಲಾಡಳಿತ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ತಲಾ ಎರಡು ದಿನ ಕೋವಿ ಪರಿಶೀಲನೆ ಏರ್ಪಡಿಸಲಿ. ಪೊಲೀಸ್ ಇಲಾಖೆಯ ಆಯುಧ ತಜ್ಞರೊಬ್ಬರು, ಪುರಾತತ್ವ ಇಲಾಖೆಯವರೊಬ್ಬರು ಕುಳಿತು, ತಂದ ಪ್ರತಿ ಕೋವಿಯ ಫೋಟೊ ತೆಗೆದು, ಮುದ್ರೆ, ಉದ್ದ, ಮನೆತನದ ಹೇಳಿಕೆ ಬರೆದುಕೊಳ್ಳಲಿ. ಕ್ಯೂರಿಯೊ ಎನ್ನಿಸುವುದಕ್ಕೆ ಲಿಖಿತ ಪ್ರಮಾಣಪತ್ರ ಕೊಡಲಿ. ಮನೆಯವರು ಒಪ್ಪಿದರೆ ಮತ್ತೆಂದೂ ಸಿಡಿಯದಂತೆ ಮಾಡಿ ಅವರ ಗೋಡೆಗೇ ಹಿಂತಿರುಗಿಸಲಿ. ಬೇಡವೆಂದವರ ಒಳ್ಳೆಯ ಕೋವಿಗಳು ವಸ್ತುಸಂಗ್ರಹಾಲಯ ಸೇರಲಿ. ಠಾಣೆಗಳ ಉಗ್ರಾಣದಲ್ಲಿ ಬಿದ್ದಿರುವುದನ್ನು ನಾಶಪಡಿಸುವ ಮೊದಲು ಇದೇ ಕಣ್ಣುಗಳು ಒಮ್ಮೆ ನೋಡಲಿ. ಖರ್ಚು, ನನ್ನ ಅಂದಾಜಿನಲ್ಲಿ, ಒಂದು ಸಾಧಾರಣ ಜನಸ್ಪಂದನ ಸಭೆಯ ಶಾಮಿಯಾನದಷ್ಟು.

ಮನೆಯವರು ಮಾಡಬೇಕಾದದ್ದೂ ಇದೆ. ಪರವಾನಗಿದಾರರು ಸಾಯುವವರೆಗೆ ಕಾಯಬೇಕಿಲ್ಲ. 2016ರ ನಿಯಮಗಳಂತೆ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೋರಬಹುದು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿಗಳಿರುವಂತಿಲ್ಲ, ಪಿತ್ರಾರ್ಜಿತವೂ ಈ ಲೆಕ್ಕಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ಪರವಾನಗಿಯ ಅವಧಿ ಈಗ ಮೂರರ ಬದಲು ಐದು ವರ್ಷ.

ನರಸಿಂಹರಾಜಪುರದ ಸಮೀಪ ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ. ವಯಸ್ಸು 78. ಅವರ ತಾತನ ಕಾಲದ ಕೇಪಿನ ಕೋವಿಗೆ ಈಗ ಮದ್ದು ತುಂಬುವವರಿಲ್ಲ. ನವೀಕರಣಕ್ಕೆ ಓಡಾಡಲು ಅವರ ಮೊಣಕಾಲು ಒಪ್ಪುವುದಿಲ್ಲ. ‘ಮಗ ಬೇಡ ಅಂತಾನೆ ಮಾರಾಯ್ರೆ, ಠಾಣೆಗೆ ಕೊಟ್ಟುಬಿಡ್ಲಾ?’ ಎಂದು ಕಳೆದ ತಿಂಗಳು ಫೋನು ಮಾಡಿದ್ದರು. ಸದ್ಯಕ್ಕೆ ತಡೆಯಿರಿ ಎಂದಿದ್ದೇನೆ. ಅವರ ಮಗ ದೀಪಾವಳಿಗೆ ಬೆಂಗಳೂರಿನಿಂದ ಬರುತ್ತಾರಂತೆ. ಅಷ್ಟರಲ್ಲಿ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಲು, 2020ರ ಅಧಿಸೂಚನೆಯ ಪ್ರತಿಯನ್ನು ಲಗತ್ತಿಸಿ, ಒಂದು ಅರ್ಜಿಯ ಕರಡು ಬರೆದಿಟ್ಟಿದ್ದೇನೆ.