ಹೋಟೆಲ್ ರೂಮಿನಲ್ಲಿ ಕೂತು ಹೈನುಗಾರಿಕೆ ಕಲಿಯೋಕಾಗಲ್ಲ

'ವಿದೇಶ ಅಧ್ಯಯನ ಪ್ರವಾಸ' ಅಂದರೆ ನಮ್ಮಲ್ಲಿ ಜನ ನಗ್ತಾರೆ. ನಗೋದರಲ್ಲಿ ತಪ್ಪೇನೂ ಇಲ್ಲ. ಜನಪ್ರತಿನಿಧಿಗಳು, ಅಧಿಕಾರಿಗಳು, ಸಹಕಾರ ಸಂಸ್ಥೆಗಳ ನಿರ್ದೇಶಕರು ಹೋಗಿ ಬರ್ತಾರೆ. ಕಪ್ಪು-ಬಿಳಿ ಹಸುವಿನ ಪಕ್ಕ ನಿಂತ ಫೋಟೊ ಪೇಪರಿನಲ್ಲಿ ಬರುತ್ತೆ. ವರದಿ ಓದಿದವರು ಮಾತ್ರ ಸಿಗಲ್ಲ. ಆದರೆ ಈ ಸಿಟ್ಟಿನಲ್ಲಿ ನಾವು ಮುಖ್ಯ ಪ್ರಶ್ನೆಯನ್ನೇ ಕೇಳೋದು ಬಿಟ್ಟಿದ್ದೇವೆ. ಹೋಗಬೇಕಾದವರು ಯಾರು? ಹೋದವರು ಉಳಿಯಬೇಕಾದದ್ದು ಎಲ್ಲಿ?

ನನ್ನ ಉತ್ತರ ಇಷ್ಟೇ: ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರುಗಳಲ್ಲಿ ಮನೆಯ ಆಕಳು, ಎಮ್ಮೆ ಕಟ್ಟಿ ಬೆಳೆದ ಹುಡುಗ-ಹುಡುಗಿಯರು ಹೋಗಬೇಕು. ಅವರು ಉಳಿಯಬೇಕಾದದ್ದು ಹೋಟೆಲಿನಲ್ಲಲ್ಲ, ಅಲ್ಲಿನ ಹೈನುಗಾರರ ಮನೆಯಲ್ಲಿ. ಅವರ ಜೊತೆ ಉಂಡು, ಅವರ ಜೊತೆ ಕೊಟ್ಟಿಗೆಗೆ ಇಳಿದು, ಮೂರ್ನಾಲ್ಕು ತಿಂಗಳು.

ಇದು ಹೊಸ ಐಡಿಯಾ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಅಮೆರಿಕದ 4-ಎಚ್ ಎಂಬ ಗ್ರಾಮೀಣ ಯುವಜನರ ಸಂಘಟನೆಯ ಮೂಲಕ 'ಅಂತರರಾಷ್ಟ್ರೀಯ ಕೃಷಿ ಯುವ ವಿನಿಮಯ' ಕಾರ್ಯಕ್ರಮ ಶುರುವಾಯಿತು. ಒಂದು ದೇಶದ ರೈತರ ಮಕ್ಕಳು ಇನ್ನೊಂದು ದೇಶದ ರೈತರ ಮನೆಯಲ್ಲಿ ಮನೆಮಕ್ಕಳಂತೆ ಉಳಿಯೋದು. 1950ರ ದಶಕದಲ್ಲಿ ಭಾರತವೂ ಅದರಲ್ಲಿ ಇತ್ತು. ಅವರು ನಮ್ಮ ಹಳ್ಳಿಗಳಿಗೆ ಬಂದರು, ನಮ್ಮವರು ಅಲ್ಲಿಗೆ ಹೋದರು. ಅದರೊಳಗೆ ಶೀತಲ ಸಮರದ ರಾಜಕಾರಣವೂ ಇತ್ತು, ಅದು ಬೇರೆ ಮಾತು. ಆದರೆ ಮನೆಯಲ್ಲಿ ಉಳಿಯಬೇಕು ಅನ್ನೋ ಪಟ್ಟು ಸರಿಯಾಗಿತ್ತು.

ಯಾಕೆಂದರೆ ಯಂತ್ರ ನೋಡೋಕೆ ಯೂಟ್ಯೂಬ್ ಸಾಕು. ನಾನು ಎಂಜಿನಿಯರಿಂಗ್ ಓದಿದವನು, ಯಂತ್ರದ ಮೋಹ ನನಗೂ ಗೊತ್ತು. ರಾತ್ರಿ ಊಟದ ಮೇಜಿನ ಮೇಲೆ ನಡೆಯೋ ಲೆಕ್ಕ ಮಾತ್ರ ಯೂಟ್ಯೂಬಿನಲ್ಲಿ ಕಾಣಲ್ಲ. ಬ್ಯಾಂಕಿನ ಸಾಲ ಎಷ್ಟು, ಹಾಲಿನ ದರ ಯಾರು ತೀರ್ಮಾನಿಸ್ತಾರೆ, ಹೆಂಡತಿ ಪಾಲುದಾರಳಾ ಅಥವಾ ಬರೀ ದುಡಿಯೋಳಾ, ಕೊಟ್ಟಿಗೆ ಮುಂದೆ ಯಾರಿಗೆ? ಹೈನುಗಾರಿಕೆ ಅಂದ್ರೆ ಇದೇ.

ನ್ಯೂಜಿಲೆಂಡನ್ನೇ ನೋಡಿ. ಅಲ್ಲಿ 'ಶೇರ್‌ಮಿಲ್ಕಿಂಗ್' ಅನ್ನೋ ಪದ್ಧತಿ ಇದೆ. ಸ್ವಂತ ಭೂಮಿ ಇಲ್ಲದ ಯುವಕ ಮೊದಲು ಸಂಬಳಕ್ಕೆ ದುಡೀತಾನೆ, ಉಳಿತಾಯ ಮಾಡಿ ದನ ಕೊಳ್ತಾನೆ, ಇನ್ನೊಬ್ಬರ ಜಮೀನಿನಲ್ಲಿ ತನ್ನ ದನ ಮೇಯಿಸಿ ಹಾಲಿನ ಆದಾಯದಲ್ಲಿ ಸುಮಾರು ಅರ್ಧ ಪಾಲು ಪಡೀತಾನೆ. ಭೂಮಿ, ದನ ದುಬಾರಿಯಾಗಿ ಈಚೆಗೆ ಆ ಏಣಿ ಹತ್ತೋದು ಅಲ್ಲೂ ಕಷ್ಟವಾಗಿದೆ. ಆದರೂ ಏಣಿ ಅಂತ ಒಂದಿದೆ. ಕೋರಿ ಪಾಲು ನಮಗೂ ಗೊತ್ತು, ಪಾಲಿಗೆ ದನ ಸಾಕೋದೂ ಗೊತ್ತು. ಆದರೆ ಭೂಹೀನ ಹುಡುಗ ಹತ್ತು ವರ್ಷದಲ್ಲಿ ಮಾಲೀಕನಾಗುವ, ಬರಹದಲ್ಲಿರುವ ಒಪ್ಪಂದದ ದಾರಿ ನಮ್ಮಲ್ಲಿ ಎಲ್ಲಿದೆ?

ಕರ್ನಾಟಕ ಹೊರಗಿನಿಂದ ಕಲಿತಿಲ್ಲ ಅಂತಲ್ಲ. ಹೆಸರಘಟ್ಟದಲ್ಲಿ ಹೋರಿ ವೀರ್ಯ ಹೆಪ್ಪುಗಟ್ಟಿಸುವ ಕೇಂದ್ರ ಬಂದದ್ದು ಡೆನ್ಮಾರ್ಕ್ ನೆರವಿನಿಂದ. 1974ರಲ್ಲಿ ವಿಶ್ವಬ್ಯಾಂಕ್ ಸಾಲದೊಂದಿಗೆ ಹಾಲಿನ ಒಕ್ಕೂಟಗಳ ಈಗಿನ ಸ್ವರೂಪ ಶುರುವಾಯಿತು. 2024ರ ಜೂನ್‌ನಲ್ಲಿ ಕೆಎಂಎಫ್ ಸಂಗ್ರಹ ದಿನಕ್ಕೆ 1 ಕೋಟಿ ಲೀಟರ್ ದಾಟಿತು. ತಳಿ ಬಂತು, ದುಡ್ಡು ಬಂತು, ಯಂತ್ರ ಬಂತು. ಆದರೆ 1882ರಲ್ಲೇ ಮೊದಲ ಸಹಕಾರಿ ಡೇರಿ ಕಟ್ಟಿದ ಡೆನ್ಮಾರ್ಕಿನ ರೈತರಿಗೆ ಇರುವ 'ಇದು ನಮ್ಮದು' ಅನ್ನೋ ಹಿಡಿತ ಬರಲಿಲ್ಲ. ನಮ್ಮಲ್ಲಿ ನಂದಿನಿ ಹಾಲಿನ ದರ ಏರಬೇಕಾದರೆ ಸಚಿವ ಸಂಪುಟ ಕೂರಬೇಕು. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದ್ದೂ ಹಾಗೆಯೇ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಬಾಕಿ ಉಳಿದಾಗ ಡೇರಿಗೆ ಹಾಲು ಹಾಕುವ ಮನೆಯವರು ಕಾಯಬೇಕು.

ಈಗ ಹಾವೇರಿ ಜಿಲ್ಲೆಗೆ ಬನ್ನಿ. ಇಲ್ಲಿನ ಯುವಕರಿಗೆ ದನ ಅಂದ್ರೆ ಪ್ರಾಣ. ದೀಪಾವಳಿ ಬಂತಂದ್ರೆ ಕೊಬ್ಬರಿ ಹೋರಿ ಹಬ್ಬ ಶುರು. ಹೋರಿಗೊಂದು ಹೆಸರು, ಹೆಸರಿಗೊಂದು ಅಭಿಮಾನಿ ಬಳಗ, ಬ್ಯಾನರು, ಟೀ ಶರ್ಟು. ಹಿಂಡಿ, ಹುರುಳಿ, ಮಸಾಜು ಏನೂ ಕಮ್ಮಿ ಇಲ್ಲ. ಅದೇ ಮನೆಯ ಹಿತ್ತಲಲ್ಲಿ ಕಟ್ಟಿದ ಎಮ್ಮೆಯ ಹೆಂಡಿಕಸ ಯಾರ ಪಾಲು? ಅವ್ವನದು, ಅಕ್ಕನದು. ಹೋರಿ ಹಿಡಿದವನಿಗೆ ಸಿಳ್ಳೆ, ಹಾಲು ಹಿಂಡಿದವಳಿಗೆ ಡೇರಿಯ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು. ಸ್ಟೆಪ್ ಯೋಜನೆಯಡಿ ಮಹಿಳೆಯರದ್ದೇ ಹಾಲು ಉತ್ಪಾದಕರ ಸಂಘಗಳು ಹುಟ್ಟಿದ್ದು ಈ ಅನ್ಯಾಯಕ್ಕೆ ಒಂದು ಉತ್ತರ. ಆದರೆ ಎಲ್ಲ ಊರಲ್ಲೂ ಅವು ಇಲ್ಲ.

2023ರ ಫೆಬ್ರುವರಿಯಲ್ಲಿ ಮಂಡ್ಯದ ಮದುವೆಯಾಗದ ಯುವ ರೈತರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಸೋಶಿಯಲ್ ಮೀಡಿಯಾ ನಕ್ಕಿತು. ನನಗೆ ಅದರಲ್ಲಿ ಕಾಣೋದು ಹೆಣ್ಣುಮಕ್ಕಳ ಪಕ್ಕಾ ಲೆಕ್ಕಾಚಾರ. ಬೆಳಗಿನ ಐದು ಗಂಟೆಯ ಹಾಲು ಹಿಂಡುವ ಕೆಲಸದ ಬೆಲೆ ಅವರಿಗೆ ಗೊತ್ತು. ಅದನ್ನು ಯಾರೂ ಕೊಡಲ್ಲ ಅನ್ನೋದೂ ಗೊತ್ತು. ಹಾಗಾಗಿ ಹುಡುಗರ ಜೊತೆ ಸಮನಾಗಿ ಹುಡುಗಿಯರೂ ಹೋಗದ ಯಾವ ವಿನಿಮಯವೂ ನನಗೆ ಬೇಡ.

ವಿನಿಮಯ ಅಂದ ಮೇಲೆ ಅವರೂ ಇಲ್ಲಿಗೆ ಬರಬೇಕು. ಎಮ್ಮೆ ಹಾಲಿನಿಂದ ಪುಡಿ ಮಾಡೋಕಾಗಲ್ಲ ಅಂತ ವಿದೇಶಿ ತಜ್ಞರು ಹೇಳಿದ್ದನ್ನು ಆನಂದ್‌ನಲ್ಲಿ ಎಚ್.ಎಂ. ದಲಾಯ ಸುಳ್ಳು ಮಾಡಿ ತೋರಿಸಿದರು. ಅಮೆರಿಕದಲ್ಲಿ ಓದಿ 1949ರಲ್ಲಿ ಆನಂದ್‌ಗೆ ಬಂದ ವರ್ಗೀಸ್ ಕುರಿಯನ್ ನಿಜವಾದ ಪಾಠ ಕಲಿತದ್ದು ಖೇಡಾದ ರೈತರ ಹತ್ತಿರ. ಎರಡು ಎಮ್ಮೆ, ಜೋಳದ ಕಣಿಕೆ, ಗೋವಿನಜೋಳದ ಸೊಪ್ಪೆ ಇಟ್ಟುಕೊಂಡು ಸಂಸಾರ ನಡೆಸುವ ಕುಪ್ಪೇಲೂರಿನ ಕಡೆಯ ಹೆಣ್ಣುಮಗಳಿಂದ, ನೂರಾರು ಹಸು ಕಟ್ಟಿ ಸಾಲದಲ್ಲಿ ಮುಳುಗಿದ ಯುರೋಪಿನ ರೈತ ಕಲಿಯೋದಿದೆ.

ಆದರೆ ಇಲ್ಲೊಂದು ಕಹಿ ಪ್ರಶ್ನೆ. ಬಿಳಿಯ ಹುಡುಗ ಬಂದರೆ ಊರಿನ ಯಾವ ಮನೆಯಾದರೂ ಖುಷಿಯಿಂದ ಕೋಣೆ ಬಿಟ್ಟುಕೊಡುತ್ತೆ. ಪಕ್ಕದ ಜಿಲ್ಲೆಯ ದಲಿತ ಹುಡುಗ ಹೈನುಗಾರಿಕೆ ಕಲಿಯೋಕೆ ಬಂದರೆ? ಅಡುಗೆಮನೆ ಹತ್ತಿರ ಕೂರಿಸಿ ಊಟ ಹಾಕ್ತಾರಾ? ಡೇರಿಯ ಕ್ಯಾನಿನಲ್ಲಿ ಎಲ್ಲ ಜಾತಿಯ ಹಾಲೂ ಬೆರೆಯುತ್ತೆ. ಮನೆಯ ಪಂಕ್ತಿ ಇನ್ನೂ ಬೆರೆತಿಲ್ಲ. ಅದಕ್ಕೇ ವಿಮಾನ ಹತ್ತುವ ಮೊದಲು ಈ ವಿನಿಮಯ ರಾಜ್ಯದೊಳಗೇ ಆಗಲಿ. ರಾಣೆಬೆನ್ನೂರಿನವರು ಕೋಲಾರದ ಮನೆಯಲ್ಲಿ, ಕೋಲಾರದವರು ಬ್ಯಾಡಗಿಯ ಮನೆಯಲ್ಲಿ ಒಂದು ತಿಂಗಳು ಉಳಿಯಲಿ. ಜಾತಿ ಕೇಳದೆ ಬಾಗಿಲು ತೆರೆಯೋದು ಆತಿಥ್ಯ ಕೊಡುವ ಮನೆಗೆ ಮೊದಲ ಷರತ್ತಾಗಲಿ.

ಎರಡನೇ ಎಚ್ಚರಿಕೆ: 'ತರಬೇತಿ' ಹೆಸರಿನಲ್ಲಿ ಅಗ್ಗದ ಕೂಲಿಯಾಳು ಕಳಿಸುವ ದಂಧೆ. ಜಪಾನ್ 1993ರಲ್ಲಿ ಶುರು ಮಾಡಿದ ತಾಂತ್ರಿಕ ತರಬೇತಿ ಯೋಜನೆ ಕೌಶಲ ಕಲಿಸುವ ಮಾತಾಡಿತು, ಆದರೆ ದುಡಿಸಿಕೊಳ್ಳುವ ವ್ಯವಸ್ಥೆಯಾಯಿತು ಅಂತ ಟೀಕೆಗೆ ಗುರಿಯಾಯಿತು. ಕೊನೆಗೆ 2024ರಲ್ಲಿ ಅದನ್ನು ಕೈಬಿಡುವ ಕಾನೂನು ತಂದರು. ವಿನಿಮಯಕ್ಕೂ ಕೂಲಿಗೂ ವ್ಯತ್ಯಾಸ ಸರಳ. ಮನೆಯವರ ಜೊತೆ ಊಟದ ಮೇಜಿನಲ್ಲಿ ಜಾಗ ಇದ್ದು, ಕೆಲಸದ ಗಂಟೆ ಬರಹದಲ್ಲಿದ್ದು, ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿದ್ದರೆ ಅದು ವಿನಿಮಯ. ಮಲಗೋದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ, ಪಾಸ್‌ಪೋರ್ಟ್ ಏಜೆಂಟನ ಹತ್ತಿರ ಅಂದರೆ ಅದು ಬೇರೆಯೇ.

ಧಾರವಾಡದಿಂದ ಬೇರ್ಪಟ್ಟು ಹಾವೇರಿಗೆ ಈಗ ತನ್ನದೇ ಹಾಲು ಒಕ್ಕೂಟ ಇದೆ. ಚಿಕ್ಕದು, ಹೊಸದು, ಹಳೆ ಚಾಳಿ ಇನ್ನೂ ಗಟ್ಟಿಯಾಗದ ವಯಸ್ಸು. ನಿರ್ದೇಶಕರ ಪ್ರವಾಸಕ್ಕಿಂತ ಮೊದಲು ವರ್ಷಕ್ಕೆ ಹತ್ತು ಯುವಜನರನ್ನು ಕಳಿಸುವ ತೀರ್ಮಾನ ಅದು ಮಾಡಬಹುದು. ವಯಸ್ಸು ಮೂವತ್ತರೊಳಗೆ, ಅರ್ಧ ಹುಡುಗಿಯರು, ಭೂಹೀನರಿಗೆ ಮೀಸಲು, ಆಯ್ಕೆ ಗ್ರಾಮದ ಸಂಘದ ಸಭೆಯಲ್ಲೇ. ಬಂದವರು ತಮ್ಮ ಊರಿನ ಡೇರಿಯ ಮುಂದೆ ನಿಂತು, ಕಂಡಿದ್ದನ್ನು ಲೆಕ್ಕದ ಸಮೇತ ಹೇಳಬೇಕು.

ಆಗ ಅವರು ಕೇಳುವ ಮೊದಲ ಪ್ರಶ್ನೆ ಯಂತ್ರದ್ದಾಗಿರಲ್ಲ. 'ನಮ್ಮ ಹಾಲಿಗೆ ದರ ಕಟ್ಟೋ ಸಭೆಯಲ್ಲಿ ನಾವ್ಯಾಕ್ರೀ ಇಲ್ಲ?' ಅಂತಾರೆ. ಕಳಿಸೋಕೆ ಹಿಂದೇಟು ಹಾಕೋರಿಗೆ ಇರೋ ಭಯವೂ ಬಹುಶಃ ಅದೇ.