ಒಡೆಯನಿಗಿಂತ ಮೊದಲು ಉದ್ದೇಶ ಬೇಕು

ಹಿರಿಯ ಮನೆಯೊಂದು ಹೊಸ ಒಡೆಯನನ್ನು ಅರಸುತ್ತಿದೆ ಎಂಬ ಸುದ್ದಿ ಹಬ್ಬಿದೊಡನೆ ನಮ್ಮ ಜನ ಕೇಳುವ ಮೊದಲ ಪ್ರಶ್ನೆ 'ಬೆಲೆ ಎಷ್ಟು?' ಎಂಬುದು. 'ಇನ್ನು ಅದು ಯಾವ ಕಾರ್ಯಕ್ಕೆ ಸಲ್ಲಬೇಕು?' ಎಂದು ಕೇಳುವವರು ವಿರಳ. ಮೊದಲನೆಯದಕ್ಕೆ ಹರಾಜಿನ ಕೂಗೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಸಮಾಜವೇ ಉತ್ತರಿಸಬೇಕು. ಸಮಾಜ ಮೌನವಾಗಿದ್ದರೆ ಏನಾಗುವುದೆಂಬುದಕ್ಕೆ ಮುಂಬಯಿಯ ಮಲಬಾರ್ ಹಿಲ್‌ನಲ್ಲಿದ್ದ 'ಮೆಹರಂಗೀರ್' ಭವನದ ಗತಿಯೇ ನಿದರ್ಶನ.

ಅದು ವಿಜ್ಞಾನಿ ಹೋಮಿ ಭಾಭಾ ಅವರು ಬಾಳಿದ ಮನೆ. 1966ರ ಜನವರಿ 24ರಂದು ವಿಮಾನಾಪಘಾತದಲ್ಲಿ ಅವರು ತೀರಿಕೊಂಡ ಮೇಲೆ ಅದು ತಮ್ಮನಾದ ಜಮ್ಶೆಡ್ ಭಾಭಾ ಅವರಿಗೆ ಬಂತು. 2007ರಲ್ಲಿ ಅವರೂ ಕಾಲವಾದರು. ಅವರ ಮರಣಶಾಸನದಂತೆ ಮನೆಯು ಅವರೇ ಕಟ್ಟಿ ಬೆಳೆಸಿದ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರಕ್ಕೆ ಸೇರಿತು. ಕೇಂದ್ರವು 2014ರ ಜೂನ್‌ನಲ್ಲಿ ಅದನ್ನು ಹರಾಜಿಗಿಟ್ಟಿತು. 372 ಕೋಟಿ ರೂಪಾಯಿ ಬಂತು. ಸ್ಮಾರಕವಾಗಿ ಉಳಿಸಬೇಕೆಂದು ಅಣುಶಕ್ತಿ ಇಲಾಖೆಯ ನೌಕರರು ನ್ಯಾಯಾಲಯದ ಮೆಟ್ಟಲೇರಿದರೂ ಹರಾಜು ನಿಲ್ಲಲಿಲ್ಲ. 2016ರಲ್ಲಿ ಮನೆಯನ್ನು ಕೆಡವಲಾಯಿತು.

ಇದನ್ನು ಸಮರ್ಥಿಸುವವರಿದ್ದಾರೆ. ಮನೆ ಕೇಂದ್ರದ ಸ್ವತ್ತು, ಬಂದ ಹಣ ಕಲೆಗೆ ಸಲ್ಲುತ್ತದೆ, ಇದರಲ್ಲಿ ತಪ್ಪೇನು ಎನ್ನುತ್ತಾರೆ. ಕಾನೂನಿನಂತೆ ತಪ್ಪಿಲ್ಲ, ಒಪ್ಪೋಣ. ಆದರೆ ಮಾರುವ ಹಕ್ಕು ಬೇರೆ, ಮಾರುವುದೊಂದೇ ದಾರಿಯೆಂಬ ತೀರ್ಮಾನ ಬೇರೆ. ಇನ್ನು ಕೆಲವರು, ಮಹನೀಯರು ತಮ್ಮ ಕಾರ್ಯದಲ್ಲಿ ಬದುಕಿರುತ್ತಾರೆಯೇ ಹೊರತು ಕಲ್ಲುಗಾರೆಗಳಲ್ಲಿ ಅಲ್ಲ ಎಂದು ವೇದಾಂತ ಹೇಳುತ್ತಾರೆ. ಈ ವೇದಾಂತಕ್ಕೆ ಭಾಭಾ ಅವರ ಬಾಳೇ ಉತ್ತರ ಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲಸ ಮಾಡುತ್ತಿದ್ದ ಅವರು 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಆ ವರ್ಷದ ಕೊನೆಗೆ ಮುಂಬಯಿಗೆ ಬಂದಾಗ ಸಂಸ್ಥೆಗೆ ಸ್ವಂತ ಸೂರಿರಲಿಲ್ಲ. ಪೆಡರ್ ರಸ್ತೆಯ 'ಕೆನಿಲ್‌ವರ್ತ್' ಎಂಬ ಬಂಗಲೆ, ಅಂದರೆ ಭಾಭಾ ಹುಟ್ಟಿದ ಮನೆಯೇ, ಅದಕ್ಕೆ ನೆಲೆಯಾಯಿತು. 1949ರಲ್ಲಿ ಅದು ಹಳೆಯ ಯಾಟ್ ಕ್ಲಬ್ಬಿನ ಕಟ್ಟಡಕ್ಕೆ ಹೋಯಿತು. ದೇಶದ ಅಣುವಿಜ್ಞಾನ ಅಂಬೆಗಾಲಿಟ್ಟದ್ದು ಹಳೆಯ ಮನೆಗಳ ನೆಲದ ಮೇಲೆ! ಹಳೆಯ ಸೂರಿನಡಿ ಹೊಸ ಕಾರ್ಯವನ್ನು ಹೂಡಬಲ್ಲವರಾಗಿದ್ದ ಮಹಾಶಯರ ಮನೆಗೇ ಹೊಸ ಕಾರ್ಯವೊಂದು ಸಿಗದೆ ಹೋದದ್ದು ಎಂಥ ವಿಪರ್ಯಾಸ!

ದೋಷವೆಲ್ಲ ಮಾರಿದವರದೇ ಎಂದು ನಾನು ಹೇಳುವುದಿಲ್ಲ. 2007ರಿಂದ 2014ರವರೆಗೆ ಏಳು ವರ್ಷಗಳ ಕಾಲಾವಕಾಶವಿತ್ತು. ಹರಾಜು ಬಾಗಿಲಿಗೆ ಬಂದಾಗ 'ಸ್ಮಾರಕ ಮಾಡಿ' ಎಂಬ ಕೂಗು ಜೋರಾಯಿತು. ಸ್ಮಾರಕವೆಂಬುದು ಬರಿಯ ಮಾತಿನಿಂದ ಆಗುವುದೆ? ಮಾಡು ಹೊದಿಸುವವರಾರು, ದಿನವೂ ಬಾಗಿಲು ತೆರೆಯುವವರಾರು, ಒಳಗೆ ಬಂದ ಬಾಲಕನು ಏನನ್ನು ಕಲಿತು ಹೊರಗೆ ಹೋಗುತ್ತಾನೆ? ಇವಕ್ಕೆ ಉತ್ತರವಿಲ್ಲದ ಸ್ಮಾರಕವು ಜಯಂತಿಯ ದಿನ ಹಾರ, ಉಳಿದ ದಿನ ಬೀಗ ಕಾಣುವ ಗುಡಿಯಾಗುತ್ತದೆ.

ಸಕಾಲದಲ್ಲಿ ಎಚ್ಚೆತ್ತರೆ ಫಲವುಂಟು. ಮೈಸೂರಿನ ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವತೊಡಗಿದ್ದರು. ಜನ ಕೂಗೆಬ್ಬಿಸಿದರು, ಕೆಲಸ ನಿಂತಿತು, ಮನೆ ಸಾರ್ವಜನಿಕ ಸ್ವತ್ತಾಯಿತು. ಅದೇ 2016ರಲ್ಲಿ, ಮೆಹರಂಗೀರ್ ನೆಲಸಮವಾದ ವರ್ಷದಲ್ಲಿಯೇ, ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ನಮ್ಮ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯು 'ಗಿಳಿವಿಂಡು' ಎಂಬ ಸ್ಮಾರಕವಾಗಿ ಉಳಿದಿದೆ.

ಗಡಿನಾಡಿನ ಉಪಾಧ್ಯಾಯ ಬಂಧುಗಳಿಗೆ ಇದರಲ್ಲಿ ವಿಶೇಷವಾದ ಪಾಠವಿದೆ. ನಮ್ಮ ಊರುಗಳ ಗುತ್ತಿನ ಮನೆ, ಬೀಡಿನ ಮನೆಗಳಲ್ಲಿ ಎಷ್ಟೋ ಕಡೆ ಮಕ್ಕಳು ಪರಊರು ಸೇರಿ, ಚಾವಡಿಯಲ್ಲಿ ಮುದುಕರೊಬ್ಬರು ಉಳಿದಿದ್ದಾರೆ. ಅಂಥ ಮನೆ ಬಿದ್ದರೆ ಬೀಳುವುದು ತೊಲೆ ಮಾತ್ರವಲ್ಲ. ಅಟ್ಟದ ಮೇಲಿನ ಓಲೆಗರಿ, ಕಡತ, ಕನ್ನಡದ ಲೆಕ್ಕಪತ್ರಗಳೂ ಮಣ್ಣುಪಾಲಾಗುತ್ತವೆ. ಕನ್ನಡ ನುಡಿಗೆ ಇಲ್ಲಿ ಹಕ್ಕುಂಟೆಂದು ಸಾರುವ ನಾವು ಆ ಹಕ್ಕಿನ ಸಾಕ್ಷಿಗಳನ್ನು ಗೆದ್ದಲಿಗೆ ಒಪ್ಪಿಸಿ ಕುಳಿತಿರುವುದು ತರವೆ?

ಆದುದರಿಂದ ಒಡೆಯರು ಬದುಕಿರುವಾಗಲೇ ಸಂಘದವರು ಅವರ ಚಾವಡಿಗೆ ಹೋಗಿ ಮಾತನಾಡಲಿ. ಒಂದು ಕೋಣೆ ವಾಚನಾಲಯಕ್ಕೆ, ಒಂದು ಜಗಲಿ ಸಂಜೆಯ ಪಾಠಕ್ಕೆ ದೊರೆತರೂ ಸಾಕು. ಒಡೆಯರ ಹಕ್ಕಿಗೆ ಕುಂದಿಲ್ಲ, ಮನೆಗೆ ಉಸಿರು ಬರುತ್ತದೆ. ಉಪಾಧ್ಯಾಯರು ಹಿರಿಯ ತರಗತಿಯ ಮಕ್ಕಳಿಂದ ಊರಿನ ಹಳೆಯ ಮನೆಯೊಂದರ ವೃತ್ತಾಂತವನ್ನು, ಮನೆಯವರ ಅನುಮತಿ ಪಡೆದು, ಬರೆಯಿಸಲಿ. ಹರಾಜಿನ ದಿನ ಕೂಗುವ ನೂರು ಕಂಠಗಳಿಗಿಂತ ಇಂದೇ ಬಾಗಿಲು ತಟ್ಟುವ ಒಂದು ಕೈ ಮೇಲು.